ಹಸಿರು ಮನೆಯ ಅಂಕಪಟ್ಟಿ

ಅಂಕ ಹಾಕುವುದು ನನ್ನ ಕಸುಬು. ಇಪ್ಪತ್ತೆಂಟು ವರ್ಷಗಳಿಂದ ಪರೀಕ್ಷೆಯ ತಿಂಗಳೆಂದರೆ ನನಗೆ ಕೆಂಪು ಶಾಯಿಯ ತಿಂಗಳು. ಹಾಗಾಗಿ ಯಾರಾದರೂ ಯಾವುದಕ್ಕಾದರೂ ಅಂಕ ಬಂದಿದೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಎಷ್ಟಕ್ಕೆ ಎಷ್ಟು? ಪ್ರಶ್ನೆಪತ್ರಿಕೆ ತೆಗೆದವರು ಯಾರು? ಉತ್ತರಪತ್ರಿಕೆಯನ್ನು ನಿಜವಾಗಿ ಓದಿದವರಿದ್ದಾರೆಯೇ? ಈಗ ಮನೆಗಳಿಗೂ ಕಚೇರಿಗಳಿಗೂ ವಿಮಾನ ನಿಲ್ದಾಣಗಳಿಗೂ ಅಂಕ ಕೊಡುವ ಪದ್ಧತಿ ಬಂದು ನೆಲೆಯೂರಿದೆ. ಪತ್ರಿಕೆಗಳ ಪೂರ್ಣಪುಟದ ಜಾಹೀರಾತುಗಳಲ್ಲಿ ಬಹುಮಹಡಿ ಕಟ್ಟಡದ ಚಿತ್ರದ ಪಕ್ಕದಲ್ಲಿ ಒಂದು ಹಸಿರು ಎಲೆಯ ಮುದ್ರೆ, ಅದರ ಕೆಳಗೆ ‘ಗೋಲ್ಡ್’ ಅಥವಾ ‘ಪ್ಲಾಟಿನಂ’ ಎಂಬ ಮಾತು. ಈ ಹೆಸರುಗಳನ್ನು ಆರಿಸಿದವರು ಹೆಂಗಸರ ಮನಸ್ಸು ಬಲ್ಲವರೇ ಇರಬೇಕು ಅನ್ನಿ. ‘ಎರಡನೇ ದರ್ಜೆ’ ಎಂದು ಬರೆದಿದ್ದರೆ ಯಾರು ಕೊಳ್ಳುತ್ತಿದ್ದರು!

ಈ ಪದ್ಧತಿ ತೀರ ಹಳೆಯದೇನಲ್ಲ. ಬ್ರಿಟನ್ನಿನಲ್ಲಿ 1990ರಲ್ಲಿ ‘ಬ್ರೀಮ್’ ಎಂಬ ಹೆಸರಿನಲ್ಲಿ ಶುರುವಾಯಿತು. ಅಮೆರಿಕದ ಹಸಿರು ಕಟ್ಟಡ ಮಂಡಳಿ ಹುಟ್ಟಿದ್ದು 1993ರಲ್ಲಿ. ಅದರ ‘ಲೀಡ್’ ಪದ್ಧತಿ 1998ರಲ್ಲಿ ಪ್ರಯೋಗಕ್ಕೆ ಬಂತು. ನಮ್ಮಲ್ಲಿ 2001ರಲ್ಲಿ ಕೈಗಾರಿಕೋದ್ಯಮಿಗಳ ಒಕ್ಕೂಟದ ಆಶ್ರಯದಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಆರಂಭವಾಯಿತು. ಹೈದರಾಬಾದಿನಲ್ಲಿರುವ ಅದರ ಕಟ್ಟಡ, ಸೊರಾಬ್ಜಿ ಗೋದ್ರೆಜ್ ಹೆಸರಿನದು, 2003ರಲ್ಲಿ ಲೀಡ್ ಪ್ಲಾಟಿನಂ ಪಡೆಯಿತು. ಅಮೆರಿಕದ ಹೊರಗೆ ಆ ದರ್ಜೆ ಪಡೆದ ಮೊದಲ ಕಟ್ಟಡ ಅದೇ. ಮುಂದೆ ‘ಟೆರಿ’ ಸಂಸ್ಥೆ ನಮ್ಮ ಹವೆಗೆ ಹೊಂದುವಂತೆ ‘ಗೃಹ’ ಎಂಬ ಪದ್ಧತಿಯನ್ನು ರೂಪಿಸಿತು. ಅದನ್ನು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2007ರಲ್ಲಿ ರಾಷ್ಟ್ರೀಯ ಪದ್ಧತಿಯಾಗಿ ಒಪ್ಪಿಕೊಂಡಿತು. ಲೀಡ್‌ನಲ್ಲಿ ಈಗ ಒಟ್ಟು 110 ಅಂಕ. 40ಕ್ಕೆ ಪಾಸು, 50ಕ್ಕೆ ಬೆಳ್ಳಿ, 60ಕ್ಕೆ ಚಿನ್ನ, 80ಕ್ಕೆ ಪ್ಲಾಟಿನಂ. ಗೃಹದಲ್ಲಿ ಒಂದರಿಂದ ಐದು ನಕ್ಷತ್ರ.

ಪ್ರಶ್ನೆಪತ್ರಿಕೆಯೇನೂ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿವೇಶನದ ಮಣ್ಣನ್ನೂ ಮರಗಳನ್ನೂ ಏನು ಮಾಡಿದಿರಿ, ಮಳೆನೀರು ಎಲ್ಲಿಗೆ ಹೋಗುತ್ತದೆ, ಬಚ್ಚಲ ನೀರನ್ನು ಮತ್ತೆ ಬಳಸುತ್ತೀರಾ, ವಿದ್ಯುತ್ತು ಎಷ್ಟು ಉಳಿಯುತ್ತದೆ, ಸಾಮಗ್ರಿ ಎಷ್ಟು ದೂರದಿಂದ ಬಂತು, ಒಳಗೆ ಹಗಲು ಬೆಳಕಿದೆಯೇ, ಬಣ್ಣದ ವಾಸನೆ ಉಸಿರಿಗೆ ತೊಂದರೆ ಕೊಡುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಇವೆಲ್ಲ ಮನೆ ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳು. ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ? ಬಾಗಿಲು ಯಾವ ದಿಕ್ಕಿಗೆ, ದೇವರ ಕೋಣೆ ಎಲ್ಲಿ ಎಂದು ವಾಸ್ತುವಿನವರನ್ನು ಮೂರು ಸಲ ಕರೆಸುವ ನಾವು, ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ ಎಂದು ಒಂದು ಸಲವೂ ನೋಡುವುದಿಲ್ಲ.

ನನ್ನ ತಕರಾರು ಮೌಲ್ಯಮಾಪನದ ಮೇಲೆ. ಲೀಡ್‌ನ ಹಳೆಯ ಆವೃತ್ತಿಗಳಲ್ಲಿ ಸೈಕಲ್ ನಿಲ್ಲಿಸಲು ಜಾಗ, ಬಂದವರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಮಾಡಿದರೆ ಒಂದು ಅಂಕವಿತ್ತು. ಯಾರಾದರೂ ಸೈಕಲ್ಲಿನಲ್ಲಿ ಬರುತ್ತಾರೆಯೇ ಎಂಬುದು ಪ್ರಶ್ನೆಯಲ್ಲ. ಲೀಡ್ ಪರೀಕ್ಷೆ ಪಾಸಾದ ತಜ್ಞರೊಬ್ಬರನ್ನು ನೇಮಿಸಿಕೊಂಡರೆ ಮತ್ತೊಂದು ಅಂಕ. ಟ್ಯೂಷನ್ನಿಗೆ ಹೋದದ್ದಕ್ಕೇ ವಿದ್ಯಾರ್ಥಿಗೆ ಅಂಕ ಕೊಟ್ಟಂತಾಯಿತಲ್ಲ! ಆಗಿನ ಒಟ್ಟು ಅಂಕ 69, ಪ್ಲಾಟಿನಂಗೆ ಬೇಕಾಗಿದ್ದದ್ದು 52. ಅಂಕಗಳೆಲ್ಲ ಒಂದೇ ಬುಟ್ಟಿಗೆ ಬೀಳುವುದರಿಂದ ಸುಲಭದ ಪ್ರಶ್ನೆಗಳನ್ನು ಮೊದಲು ಬರೆದು ಮುಗಿಸುವ ಜಾಣತನ ಕಟ್ಟಡದವರಿಗೂ ಬಂತು. ನಮ್ಮ ಮಕ್ಕಳಿಗೆ ಇದನ್ನು ನಾವೇ ಹೇಳಿಕೊಡುತ್ತೇವೆ. ಆದರೆ ಹಾಗೆ ಪಾಸಾದವನಿಗೆ ಗಣಿತ ಬರುತ್ತದೆಂದು ನಂಬುವುದಿಲ್ಲ.

ನ್ಯೂಯಾರ್ಕಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಟವರ್ ಎಂಬ ಕಟ್ಟಡವಿದೆ. ಗಗನಚುಂಬಿ ಕಚೇರಿಗಳ ಪೈಕಿ ಮೊದಲ ಪ್ಲಾಟಿನಂ ಎಂದು 2010ರಲ್ಲಿ ಅದು ಹೆಸರಾಯಿತು. ಆ ನಗರದವರು 2009ರಲ್ಲಿ ಒಂದು ಒಳ್ಳೆಯ ಕಾನೂನು ಮಾಡಿದ್ದರು; ದೊಡ್ಡ ಕಟ್ಟಡಗಳು ಪ್ರತಿ ವರ್ಷ ತಾವು ಬಳಸಿದ ಇಂಧನದ ಲೆಕ್ಕ ಒಪ್ಪಿಸಬೇಕು, ಅದನ್ನು ಊರೆಲ್ಲ ನೋಡುವಂತೆ ಪ್ರಕಟಿಸಬೇಕು. ಲೆಕ್ಕ ಹೊರಬಿದ್ದಾಗ, ಈ ಪ್ಲಾಟಿನಂ ಕಟ್ಟಡ ಪ್ರತಿ ಚದರ ಅಡಿಗೆ ಬಳಸುವ ಇಂಧನ 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕಿಂತಲೂ ಬಹಳ ಹೆಚ್ಚೆಂದು 2013ರಲ್ಲಿ ಪತ್ರಿಕೆಯಲ್ಲಿ ಬಂತು. ಒಳಗೆ ಷೇರು ವ್ಯವಹಾರದವರ ಕಂಪ್ಯೂಟರುಗಳು ಸಾಲುಸಾಲಾಗಿ ಉರಿಯುತ್ತವೆ, ಅದು ಕಟ್ಟಡದ ತಪ್ಪಲ್ಲ ಎಂದು ವಾದಿಸಿದವರೂ ಇದ್ದರು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪ್ರಮಾಣಪತ್ರ ಕೊಡುವಾಗ ಒಳಗೆ ಯಾರು ಏನು ಮಾಡುತ್ತಾರೆ ಎಂದು ಯೋಚಿಸಬೇಡವೇ? ಅಡಿಗೆಮನೆಯನ್ನು ಒಲೆ ಹಚ್ಚದೆ ಪರೀಕ್ಷಿಸಿದ ಹಾಗೆ.

ಒಲೆ ಹಚ್ಚಿ ಪರೀಕ್ಷಿಸಿದ ಉದಾಹರಣೆಯೂ ನಮ್ಮಲ್ಲಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಇನ್ಫೋಸಿಸ್‌ನವರು ಹೈದರಾಬಾದಿನ ಬಳಿ ಪೋಚಾರಂನಲ್ಲಿ ಒಂದು ಕಚೇರಿ ಕಟ್ಟಿಸಿ ಅದನ್ನು ಸರಿಯಾಗಿ ಎರಡು ಭಾಗ ಮಾಡಿದರು. ಒಂದರಲ್ಲಿ ಎಲ್ಲ ಕಡೆ ಇರುವಂಥ ಹವಾನಿಯಂತ್ರಣ. ಇನ್ನೊಂದರಲ್ಲಿ ಕಾಂಕ್ರೀಟಿನ ಹಲಗೆಯೊಳಗೆ ಕೊಳವೆ ಹೂತು ತಣ್ಣೀರು ಹರಿಸಿ, ಸೂರಿನಿಂದಲೇ ತಂಪು ಇಳಿಯುವ ಏರ್ಪಾಡು. ಒಂದೇ ಬಿಸಿಲು, ಒಂದೇ ಬಗೆಯ ಗೋಡೆ, ಒಂದೇ ಬಗೆಯ ಕೆಲಸ. ಎರಡೂ ಕಡೆ ಮೀಟರು ಇಟ್ಟು ವರ್ಷದ ಲೆಕ್ಕ ತೆಗೆದಾಗ ಎರಡನೆಯದಕ್ಕೆ ಸುಮಾರು ಮೂರನೇ ಒಂದು ಭಾಗದಷ್ಟು ವಿದ್ಯುತ್ತು ಕಡಿಮೆ ಸಾಕಾಯಿತು. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಮೆಚ್ಚುವಂಥ ಪ್ರಯೋಗ ಇದು. ಇಂಥ ನೂರು ಪ್ರಯೋಗಗಳು ಬೇಕು ಅನ್ನಿಸುತ್ತದೆ.

ಇನ್ನು ಜಾಹೀರಾತಿನ ಎಲೆಯ ವಿಷಯ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಲಾಟು ಕೊಂಡಳು. ಗಂಡಹೆಂಡತಿ ಇಬ್ಬರ ಸಂಬಳದಲ್ಲೂ ಇಪ್ಪತ್ತು ವರ್ಷ ಕಂತು ಹೋಗುವ ಸಾಲ. ಅದೇ ಬೆಲೆಗೆ ಸಿಗುತ್ತಿದ್ದ ಇನ್ನೊಂದನ್ನು ಬಿಟ್ಟು ಇದನ್ನೇ ಹಿಡಿದದ್ದು ಎಲೆಯ ಮುದ್ರೆ ನೋಡಿ. “ದೊಡ್ಡಮ್ಮಾ, ಕರೆಂಟ್ ಬಿಲ್ ಅರ್ಧ ಉಳಿಯುತ್ತಂತೆ, ಇದು ಗ್ರೀನ್ ಬಿಲ್ಡಿಂಗು” ಎಂದಿದ್ದಳು. ಮಾರ್ಚಿಯಲ್ಲಿ ನಾನು ಹೋದಾಗ ಹಾಲ್‌ನ ಪಶ್ಚಿಮದ ಗಾಜಿಗೆ ದಪ್ಪ ಪರದೆ ಎಳೆದು, ಹಗಲಲ್ಲೇ ದೀಪ ಹಾಕಿಕೊಂಡು, ಏಸಿ ಹಚ್ಚಿ ಕೂತಿದ್ದರು. ಮೂರು ದಿನಕ್ಕೊಮ್ಮೆ ನೀರಿನ ಟ್ಯಾಂಕರು ಬರುತ್ತಿತ್ತು. ಅವಳ ಕಡತದಲ್ಲಿದ್ದ ಬಣ್ಣದ ಪುಸ್ತಿಕೆಯನ್ನು ತೆಗೆಸಿ ನೋಡಿದೆ. ‘ಗೋಲ್ಡ್’ ಎಂಬ ದಪ್ಪ ಅಕ್ಷರದ ಮುಂದೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಹಾಗೆ, ‘ಪ್ರಿ-ಸರ್ಟಿಫೈಡ್’ ಎಂದಿತ್ತು.

ಈ ಒಂದು ಪದವನ್ನು ಮನೆ ಕೊಳ್ಳುವ ಪ್ರತಿ ಹೆಂಗಸೂ ತಿಳಿದಿರಬೇಕು. ಕಟ್ಟಡ ಏಳುವ ಮೊದಲು ನಕ್ಷೆಯನ್ನೂ ಲೆಕ್ಕವನ್ನೂ ನೋಡಿ, ‘ಇದೇ ರೀತಿ ಕಟ್ಟಿದರೆ ಇಷ್ಟು ಅಂಕ ಬರಬಹುದು’ ಎಂದು ಕೊಡುವ ಕಾಗದ ಅದು. ಮಾರಾಟ ನಡೆಯುವುದು ಆಗಲೇ ತಾನೆ? ಕಟ್ಟಿ ಮುಗಿದ ಮೇಲೆ ದಾಖಲೆಗಳನ್ನು ಮತ್ತೆ ಒಪ್ಪಿಸಿ ಪಡೆಯುವುದು ನಿಜವಾದ ಪ್ರಮಾಣಪತ್ರ. ಅವಳ ಕಟ್ಟಡದ್ದು ಏನಾಯಿತೆಂದು ನಿವಾಸಿಗಳ ಸಂಘದವರು ಎರಡು ವರ್ಷದಿಂದ ಬಿಲ್ಡರನ್ನು ಕೇಳುತ್ತಲೇ ಇದ್ದಾರೆ. ಪೂರ್ವಸಿದ್ಧತಾ ಪರೀಕ್ಷೆಯ ಅಂಕವನ್ನು ಹಿಡಿದುಕೊಂಡು ಕಾಲೇಜಿಗೆ ಸೇರಲು ಹೋದರೆ ನಮ್ಮ ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ.

ಆ ದಿನ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅವಳ ಹೊಲಿಗೆ ಪೆಟ್ಟಿಗೆಯ ಟೇಪು ತೆಗೆದು ಕಿಟಕಿಗಳನ್ನು ಅಳೆದೆ. ಇದಕ್ಕೊಂದು ಕಾರಣವಿದೆ. ಕೇಂದ್ರ ಸರ್ಕಾರ 2018ರಲ್ಲಿ ವಾಸದ ಮನೆಗಳಿಗಾಗಿಯೇ ‘ಇಕೋ ನಿವಾಸ್ ಸಂಹಿತೆ’ ಎಂಬ ನಿಯಮಾವಳಿ ಹೊರಡಿಸಿತು. ಇದರಲ್ಲಿ ಚಿನ್ನ ಬೆಳ್ಳಿ ಇಲ್ಲ. ಇಷ್ಟಾದರೂ ಇರಲೇಬೇಕು ಎನ್ನುವ ಕನಿಷ್ಠ ಗೆರೆ ಮಾತ್ರ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಕಿಟಕಿಯ ಲೆಕ್ಕ. ಮನೆಯ ಒಳಗಿನ ನೆಲದ ವಿಸ್ತೀರ್ಣಕ್ಕೆ ಗಾಳಿಗೆ ತೆರೆದುಕೊಳ್ಳುವ ಕಿಟಕಿ ಬಾಗಿಲುಗಳ ಜಾಗ ಬೆಂಗಳೂರಿನಂಥ ಹಿತವಾದ ಹವೆಯಲ್ಲಿ ಎಂಟನೇ ಒಂದು ಪಾಲು, ಮಂಗಳೂರಿನಂಥ ಬೆವರಿನ ಊರಿನಲ್ಲಿ ಆರನೇ ಒಂದು ಪಾಲು ಇರಬೇಕು. ಅಂದರೆ 800 ಚದರ ಅಡಿಯ ಮನೆಗೆ ಬೆಂಗಳೂರಿನಲ್ಲಿ 100, ಮಂಗಳೂರಿನಲ್ಲಿ 133 ಚದರ ಅಡಿ. ಗಮನಿಸಿ, ಕಿಟಕಿಯ ಒಟ್ಟು ಅಳತೆಯಲ್ಲ, ತೆರೆಯುವ ಭಾಗದ ಅಳತೆ. ಕೀಲು ಹಾಕಿದ ಹಳೆಯ ಬಗೆಯ ಕಿಟಕಿಗೆ ಸಂಹಿತೆ ನೂರಕ್ಕೆ 90 ಕೊಡುತ್ತದೆ. ಎರಡು ಗಾಜಿನ, ಒಂದರ ಹಿಂದೆ ಒಂದು ಸರಿಯುವ ಈಗಿನ ಕಿಟಕಿಗೆ 50 ಮಾತ್ರ, ಏಕೆಂದರೆ ಎಷ್ಟು ಸರಿಸಿದರೂ ಅರ್ಧ ಮುಚ್ಚಿಯೇ ಇರುತ್ತದಲ್ಲ! ನನ್ನ ತಂಗಿಯ ಮಗಳ ಮನೆ ಒಳಗಿನ ಲೆಕ್ಕದಲ್ಲಿ 800 ಚದರ ಅಡಿ. ಹಾಲ್, ಎರಡು ಮಲಗುವ ಕೋಣೆ, ಅಡಿಗೆಮನೆ, ಪಾತ್ರೆ ತೊಳೆಯುವ ಜಾಗದ ಬಾಗಿಲು, ಬಚ್ಚಲ ಬೆಳಕಿಂಡಿ ಎಲ್ಲ ಕೂಡಿಸಿದರೂ ತೆರೆಯುವ ಜಾಗ 65 ದಾಟಲಿಲ್ಲ. ಆ ಕಟ್ಟಡಕ್ಕೆ ಈ ಸಂಹಿತೆ ಕಡ್ಡಾಯವಾಗಿತ್ತೋ ಇಲ್ಲವೋ ಬೇರೆ ಮಾತು. ಚಿನ್ನದ ಪದಕ ಕೊರಳಲ್ಲಿದ್ದೂ ಕಾಗುಣಿತ ಬಾರದ ಹುಡುಗನನ್ನು ನೋಡಿದಂತಾಯಿತು ನನಗೆ. “ಇದನ್ನೆಲ್ಲ ಮೊದಲೇ ಹೇಳಿದ್ದರೆ ದೊಡ್ಡಮ್ಮಾ!” ಎಂದಳು. ಕೊಂಡ ಮೇಲೆ ತಾನೆ ಅವಳು ನನಗೆ ಹೇಳಿದ್ದು!

ಇಂಧನ ಸಂರಕ್ಷಣೆ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ ದೊಡ್ಡ ವಸತಿ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತಂದಿದ್ದಾರೆ. ನನಗಂತೂ ಐದು ನಕ್ಷತ್ರದ ಹತ್ತು ಕಟ್ಟಡಗಳಿಗಿಂತ ಕನಿಷ್ಠ ಗೆರೆ ದಾಟಿದ ಸಾವಿರ ಕಟ್ಟಡಗಳ ಮೇಲೆ ಹೆಚ್ಚು ಆಸೆ. ರ‍್ಯಾಂಕ್ ಬಂದ ಒಬ್ಬಳ ಫೋಟೋ ಪೇಪರಿನಲ್ಲಿ ಬರುತ್ತದೆ ನಿಜ. ಶಾಲೆಯನ್ನು ಅಳೆಯುವುದು ಕೊನೆಯ ಬೆಂಚಿನವರು ಪಾಸಾದರೇ ಎಂಬುದರಿಂದ.

ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲನ್ನು ನೋಡಿ ಬಂದವರೆಲ್ಲ ಬಣ್ಣಿಸುತ್ತಾರೆ. ನಾನೂ ನೋಡಿದ್ದೇನೆ, ಸುಂದರವಾಗಿದೆ, ಸುಳ್ಳು ಹೇಳುವುದೇಕೆ. ಬಿದಿರಿನ ಸೂರು, ಮೇಲಿನಿಂದ ಇಳಿಬಿದ್ದ ಬಳ್ಳಿಗಳು, ನೀರಿನ ಸದ್ದು, ಬೆಳಕು ಸೋಸಿ ಬೀಳುವ ಚೆಂದ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಇದು, ಕೆಲಸ ಆರಂಭಿಸುವ ಮೊದಲೇ ಲೀಡ್ ಪ್ಲಾಟಿನಂ ಪೂರ್ವಪ್ರಮಾಣಪತ್ರ ಪಡೆದ ಜಗತ್ತಿನ ಅತಿ ದೊಡ್ಡ ಟರ್ಮಿನಲ್ ಎಂದು ಹೆಸರಾಯಿತು. ಹೊರಗೆ ನಿಂತ ವಿಮಾನಗಳ ಹೊಟ್ಟೆಗೆ ಬೀಳುವ ಎಣ್ಣೆ ಈ ಅಂಕಪಟ್ಟಿಯಲ್ಲಿ ಇಲ್ಲ. ಗೋಡೆಯ ಹೊರಗಿನದು ಪಠ್ಯದಿಂದ ಹೊರಗೆ. ಕಟ್ಟಡ ಕಟ್ಟಿದವರನ್ನು ಇದಕ್ಕಾಗಿ ದೂರಲಾಗದು. ಆದರೆ ‘ಹಸಿರು ವಿಮಾನ ನಿಲ್ದಾಣ’ ಎಂದು ಓದುವಾಗ ‘ಹಸಿರು’ ಎಂಬ ವಿಶೇಷಣ ಯಾವ ನಾಮಪದಕ್ಕೆ ಅನ್ವಯ ಎಂದು ವ್ಯಾಕರಣದ ಮೇಡಂ ಕೇಳಿಯೇ ಕೇಳುತ್ತಾಳೆ.

ಇಷ್ಟು ಹೇಳಿದ ಕೂಡಲೇ ನಮ್ಮ ಮಲೆನಾಡಿನ ಹಿರಿಯರು, “ಹಳೆಯ ತೊಟ್ಟಿಮನೆಗಳೇ ಸರಿ, ನಮ್ಮ ಪೂರ್ವಜರಿಗೆ ಯಾವ ಸರ್ಟಿಫಿಕೇಟು ಬೇಕಿತ್ತು” ಎಂದು ಶುರು ಮಾಡುತ್ತಾರೆ. ಹೈದರಾಬಾದಿನ ಆ ಮೊದಲ ಪ್ಲಾಟಿನಂ ಕಟ್ಟಡದಲ್ಲೂ ನಡುವೆ ಅಂಗಳ, ಜಾಲಂಧ್ರದ ಗೋಡೆ, ಗಾಳಿಗೋಪುರ ಇವೆ ಎಂಬುದು ನಿಜ. ಆದರೆ ತೊಟ್ಟಿಮನೆಯನ್ನು ಹೊಗಳುವ ಗಂಡಸರು ಜಗಲಿಯಲ್ಲಿ ಕೂತು ಹೊಗಳುತ್ತಾರೆ. ಒಳಗಿನ ಅಡಿಗೆಮನೆಯಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾದವರನ್ನು ಯಾರೂ ಕೇಳಿಲ್ಲ. ಜಗಲಿ ತಂಪು, ಅಡಿಗೆಮನೆ ಹೊಗೆಗೂಡು, ಬಾಣಂತಿಕೋಣೆಗೆ ಕಿಟಕಿಯೇ ಇಲ್ಲ. ಒಳಾಂಗಣದ ಗಾಳಿ ಎಂಬ ವಿಭಾಗದಲ್ಲಿ ನನ್ನ ಅಜ್ಜಿಯ ಮನೆಗೆ ನಾನಾದರೆ ಸೊನ್ನೆ ಕೊಡುತ್ತೇನೆ.

ಅಜ್ಜಿಯ ಆ ಹೊಗೆಯನ್ನು ಕಡಿಮೆ ಮಾಡಿದ್ದು ಅಸ್ತ್ರ ಒಲೆ. ನನ್ನ ವಯಸ್ಸಿನವರಿಗೆ ನೆನಪಿರಬೇಕು. ಮೂರು ಪಾತ್ರೆ ಸಾಲಾಗಿ ಕೂರುವ, ಹೊಗೆಕೊಳವೆ ಸೂರಿನಿಂದಾಚೆ ಹೋಗುವ ಒಲೆ. ‘ಅಸ್ತ್ರ’ ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ, ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯುವ ವಿಭಾಗ. ಅದೇ ವಿಭಾಗದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ನೆನೆಸಿ ಗಟ್ಟಿಮಾಡುವ ಇಟ್ಟಿಗೆ. ಸುಡುವುದೇ ಬೇಡ, ಆದ್ದರಿಂದ ಸೌದೆಯೂ ಬೇಡ. ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಲೆಕ್ಕವೊಂದು ಎಲ್ಲ ಪಟ್ಟಣದ ಗ್ರಂಥಾಲಯಗಳ ಗೋಡೆಯ ಮೇಲೆ ಇರಬೇಕಾದದ್ದು. ಒಂದು ಕಿಲೋ ಸಿಮೆಂಟು ತಯಾರಾಗಲು ಸುಮಾರು 6 ಮೆಗಾಜೂಲ್ ಇಂಧನ ಬೇಕು, ಒಂದು ಕಿಲೋ ಉಕ್ಕಿಗೆ 42, ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ 237! ಮನೆಯ ಪ್ರತಿ ಚದರ ಮೀಟರಿಗೆ ತಗಲುವ ಒಟ್ಟು ಇಂಧನ ಬಹುಮಹಡಿ ಕಾಂಕ್ರೀಟು ಚೌಕಟ್ಟಿನ ಕಟ್ಟಡದಲ್ಲಿ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಯಲ್ಲಿ 2.92, ಮಣ್ಣಿನ ಇಟ್ಟಿಗೆ, ಹಂಚು ತುಂಬಿದ ಛಾವಣಿಯ ಮನೆಯಲ್ಲಿ 1.61. ದೀಪ ಹಚ್ಚುವ ಮೊದಲೇ, ಗೃಹಪ್ರವೇಶದ ಹಾಲುಕ್ಕುವ ಮೊದಲೇ ಖರ್ಚಾಗಿ ಹೋದ ಇಂಧನ ಇದು.

ಹಂಚು ತುಂಬಿದ ಛಾವಣಿ ಎಂದೆನಲ್ಲ, ಅದನ್ನು ಕೇರಳದಲ್ಲಿ ಬಳಕೆಗೆ ತಂದವರು ಲಾರಿ ಬೇಕರ್. ಕಾಂಕ್ರೀಟಿನ ಹಲಗೆಯ ಕೆಳಭಾಗದಲ್ಲಿ ಭಾರ ಹೊರುವುದು ಕಬ್ಬಿಣ; ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಕೆಲಸವಿಲ್ಲದ ಕಡೆ ದುಬಾರಿ ಮಾಲು ಯಾಕೆ ಎಂದು ಕಬ್ಬಿಣದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಸಿದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆಯೊಳಗೆ ಟೊಳ್ಳು ಉಳಿಸುವ ಇಲಿಬೋನಿನಂಥ ಕಟ್ಟು ಇನ್ನೊಂದು. ಇಟ್ಟಿಗೆಯಲ್ಲಿ ಕಾಲು ಭಾಗದಷ್ಟು ಉಳಿತಾಯ, ಟೊಳ್ಳಿನಲ್ಲಿ ನಿಂತ ಗಾಳಿಯಿಂದ ಸೆಖೆಯೂ ಕಡಿಮೆ. ಬೇಕರ್ 2007ರ ಏಪ್ರಿಲ್ಲಿನಲ್ಲಿ ತೀರಿಕೊಂಡರು. ‘ಗೃಹ’ದ ನಕ್ಷತ್ರಗಳು ಹುಟ್ಟಿದ್ದೂ ಅದೇ ವರ್ಷ. ಇಂಥ ಸಣ್ಣ ಮನೆ ಕಟ್ಟಿಕೊಂಡ ಗುಮಾಸ್ತರೋ ಟೀಚರೋ ಅಂಕಪಟ್ಟಿಗೆ ಅರ್ಜಿ ಹಾಕುವವರಲ್ಲ. ಶುಲ್ಕವಿದೆ, ಸಲಹೆಗಾರರ ಸಂಭಾವನೆ ಇದೆ, ತುಂಬಬೇಕಾದ ಕಾಗದಗಳಿವೆ. ಪರೀಕ್ಷೆಗೆ ಕೂರಲೇ ಇಲ್ಲದವರ ಹೆಸರು ಫಲಿತಾಂಶದಲ್ಲಿ ಎಲ್ಲಿ ಬಂದೀತು? ನಾಲ್ಕೇ ಜನರಿಗೆ ಎರಡು ಅಂತಸ್ತಿನ ಬಂಗಲೆ ಕಟ್ಟಿಸಿ ಅದಕ್ಕೆ ಹಸಿರು ಪದಕ ತರಿಸುವುದು ಸಾಧ್ಯ. ಅಮೆರಿಕದವರು 2008ರ ಮನೆಗಳ ಲೀಡ್‌ನಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ಮಲಗುವ ಕೋಣೆಗಳ ಲೆಕ್ಕಕ್ಕೆ ಮೀರಿ ಮನೆ ದೊಡ್ಡದಾದರೆ ಪಾಸಾಗಲು ಹೆಚ್ಚು ಅಂಕ ಬೇಕು ಎಂದು ಮಾಡಿದರು. ಒಳ್ಳೆಯ ಕೆಲಸ. ನಮ್ಮೂರಿನ ಹೊಸ ಬಡಾವಣೆಗಳನ್ನು ನೋಡಿದರೆ ಇಲ್ಲಿಗೂ ಅದು ಬೇಕು.

ನನ್ನ ಗೆಳತಿಯೊಬ್ಬಳು, ಗಣಿತದವಳು, ಇದನ್ನೆಲ್ಲ ಕೇಳಿ, “ನೀನೇ ಒಂದು ಪ್ರಶ್ನೆಪತ್ರಿಕೆ ತೆಗಿ ಮಾರಾಯ್ತಿ” ಎಂದಳು. ತೆಗೆದರೆ ಮೊದಲ ಪ್ರಶ್ನೆ ಬಟ್ಟೆ ಒಣಗಿಸುವುದರ ಬಗ್ಗೆ. ಕಟ್ಟಡದ ಮುಖ ಕೆಡುತ್ತದೆಂದು ಬಾಲ್ಕನಿಯಲ್ಲಿ ಬಟ್ಟೆ ಹರವಬಾರದು ಎಂಬ ನಿಯಮ ಎಷ್ಟೋ ವಸತಿ ಸಮುಚ್ಚಯಗಳಲ್ಲಿದೆ. ತಾರಸಿಯಲ್ಲಿ ಸೌರಫಲಕ, ಅಲ್ಲಿಗೆ ಬೀಗ. ಕೊನೆಗೆ ಮನೆಮನೆಗೂ ಕರೆಂಟಿನಲ್ಲಿ ಬಟ್ಟೆ ಒಣಗಿಸುವ ಯಂತ್ರ! ಬಿಸಿಲನ್ನು ಹಿಡಿದು ವಿದ್ಯುತ್ತು ಮಾಡಿ ಆ ವಿದ್ಯುತ್ತಿನಿಂದ ಬಟ್ಟೆ ಒಣಗಿಸುವುದು ಯಾವ ಜಾಣತನವೋ. ಎರಡನೆಯದು, ಆರನೇ ಮಹಡಿಯ ಹೊರಗಾಜನ್ನು ಒರೆಸುವವರು ಯಾರು, ಹೇಗೆ. ಮೂರನೆಯದು, ಮನೆಗೆಲಸಕ್ಕೆ ಬರುವ ಹೆಂಗಸರಿಗೆ ಶೌಚಾಲಯ ಎಲ್ಲಿ.

ಈ ಮೂರನೆಯದನ್ನು ‘ಗೃಹ’ ಪದ್ಧತಿ ಕೇಳುತ್ತದೆ. ಕಟ್ಟುವ ಕೂಲಿಕಾರರ ಸುರಕ್ಷತೆ, ನೈರ್ಮಲ್ಯದ ಜೊತೆಗೆ, ಕಟ್ಟಡದಲ್ಲಿ ಮುಂದೆ ಕೆಲಸ ಮಾಡುವ ಸಿಬ್ಬಂದಿಗೆ ಪ್ರತ್ಯೇಕ ಸೌಲಭ್ಯ ಇದೆಯೇ ಎಂದು ಅದರ ಅಂಕಪಟ್ಟಿಯಲ್ಲಿ ಒಂದು ಅಂಶವಿದೆ. ಆ ಸಾಲನ್ನು ಸೇರಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ತಂಗಿಯ ಮಗಳ ಕಟ್ಟಡದಲ್ಲಿ ಬೆಳಿಗ್ಗೆ ಆರೂವರೆಗೆ ಬರುವ ಹೆಂಗಸರು ಒಬ್ಬೊಬ್ಬರು ಐದಾರು ಮನೆ ಮುಗಿಸಿ ಎರಡು ಗಂಟೆಗೆ ಹೋಗುತ್ತಾರೆ. ಪಾತ್ರೆ ತೊಳೆಯುತ್ತಿದ್ದವಳನ್ನು ನಾನು ಕೇಳಿದೆ. ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು: “ಕೆಳಗೆ ಕಾರು ನಿಲ್ಸೋ ಕಡೆ ಒಂದೈತೆ ಅಮ್ಮಾ, ಡ್ರೈವರ್‌ಗಳಿಗೆ. ಬೀಗ ಹಾಕಿರ್ತಾರೆ, ಕೀಲಿ ವಾಚ್‌ಮನ್ ಹತ್ರ. ಗಂಡಸ್ರನ್ನ ಹೋಗಿ ಹೆಂಗೆ ಕೇಳೋದು ಅಂತ ನಾವು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ.”